ಅಂಚೆಚೀಟಿ ಕೇಳುವ ಮೊದಲು ಲಾಗ್‌ಬುಕ್ ಇಡೋಣ

(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನಮ್ಮ ಸಂಘದ ಬೆಳ್ಳಿಹಬ್ಬಕ್ಕೆ ಏನು ಮಾಡಬೇಕು ಎಂಬ ಬಗ್ಗೆ ಮೂರು ಸಲಹೆಗಳು ಬಂದಿವೆ. ಒಂದು, ದೊಡ್ಡ ಸಮಾರಂಭ. ಎರಡು, ಸ್ಮರಣ ಸಂಚಿಕೆ. ಮೂರನೆಯದು ನಮ್ಮ ಯುವಕರದ್ದು: "ಸಂಘದ ಹೆಸರಲ್ಲಿ ಒಂದು ಅಂಚೆಚೀಟಿ ಬರುವ ಹಾಗೆ ಮಾಡಬೇಕು." ಈ ಮೂರನೆಯದಕ್ಕೆ ಎಷ್ಟು ಖರ್ಚು, ಆಗುವ ಕೆಲಸವಾ ಅಲ್ಲವಾ ಅಂತ ನೋಡಿ ಹೇಳಿ ಎಂದು ಲೆಕ್ಕಪತ್ರ ನೋಡುವ ನಮಗೆ ವಹಿಸಿದ್ದೀರಿ. ನಾವು ನೋಡಿದೆವು. ಖರ್ಚಿನ ಲೆಕ್ಕ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಆ ಲೆಕ್ಕಕ್ಕೆ ಮೊದಲು ನಿಮಗೆ ಹೇಳಲೇಬೇಕಾದ ಒಂದು ಕಥೆ ಉಂಟು. ಅಂಚೆಚೀಟಿ ಬೇಕು ಅಂತ ಕೇಳಿ ಪಡೆದ ಒಂದು ಹವ್ಯಾಸಿಗಳ ಗುಂಪಿನ ಕಥೆ ಅದು. ಅವರು ಹ್ಯಾಮ್ ರೇಡಿಯೊದವರು.

ಹ್ಯಾಮ್ ಅಂದರೆ ಯಾರು? ಮನೆಯಲ್ಲೇ ಒಂದು ರೇಡಿಯೊ ಸ್ಟೇಷನ್ ಇಟ್ಟುಕೊಂಡು, ಮಾಡಿನ ಮೇಲೆ ಒಂದು ಆಂಟೆನಾ ಕಟ್ಟಿ, ದೇಶ ವಿದೇಶದ ತಮ್ಮಂಥವರ ಜೊತೆ ಮಾತಾಡುವವರು. ಪರೀಕ್ಷೆ ಬರೆಯಬೇಕು, ಸರಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಜೊತೆ ಒಂದು ಕಾಲ್ ಸೈನ್ ಕೊಡುತ್ತಾರೆ. ಅದೇ ಅವರ ಗುರುತು. ಭಾರತದ್ದು 'ವಿಯು' ಎಂದು ಶುರುವಾಗುತ್ತದೆ. ಯುಎಇಯದ್ದು 'ಎ6', ಒಮಾನಿನದ್ದು 'ಎ4', ಕುವೈತಿನದ್ದು '9ಕೆ'. ಒಮಾನಿನ ಸುಲ್ತಾನ್ ಖಾಬೂಸ್ ಹ್ಯಾಮ್ ಆಗಿದ್ದರು, ಅವರ ಕಾಲ್ ಸೈನ್ ಎ41ಎಎ. ಜೋರ್ಡಾನಿನ ದೊರೆ ಹುಸೇನ್ ಜೆವೈ1. ನಮ್ಮ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ವಿಯು2ಆರ್‌ಜಿ. ರೇಡಿಯೊ ಮುಂದೆ ಕೂತರೆ ದೊರೆಯೂ ಒಂದು ಕಾಲ್ ಸೈನ್, ಮೆಕ್ಯಾನಿಕ್ಕೂ ಒಂದು ಕಾಲ್ ಸೈನ್.

ಈ ಹವ್ಯಾಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಉಂಟು. ಹಣ ತೆಗೆದುಕೊಳ್ಳುವ ಹಾಗಿಲ್ಲ. ಎಷ್ಟೇ ದೊಡ್ಡ ಉಪಕಾರ ಮಾಡಿದರೂ, ಯಾರ ಸಂದೇಶ ಮುಟ್ಟಿಸಿದರೂ ಒಂದು ಪೈಸೆ ಪಡೆಯುವಂತಿಲ್ಲ. ನಮ್ಮ ಸಂಘದ ಕೆಲಸಕ್ಕೂ ಇದಕ್ಕೂ ಇರುವ ಹೋಲಿಕೆ ನಿಮಗೆ ಆಗಲೇ ಹೊಳೆದಿರಬಹುದು.

ಇನ್ನೊಂದು ಮಾತು. ಹ್ಯಾಮ್‌ಗಳಿಗೂ ಅಂಚೆಗೂ ಹಳೆಯ ನಂಟು. ಆಕಾಶದಲ್ಲಿ ಮಾತು ಮುಗಿದ ಮೇಲೆ "ನಿಮ್ಮ ಜೊತೆ ಮಾತಾಡಿದ್ದು ನಿಜ" ಅಂತ ಒಬ್ಬರಿಗೊಬ್ಬರು ಒಂದು ಕಾರ್ಡ್ ಕಳಿಸುತ್ತಾರೆ. ಇದಕ್ಕೆ ಕ್ಯೂಎಸ್‌ಎಲ್ ಕಾರ್ಡ್ ಅಂತ ಹೆಸರು. ತಾರೀಕು, ಗಂಟೆ, ಸಿಗ್ನಲ್ ಎಷ್ಟು ಚೆನ್ನಾಗಿ ಕೇಳಿಸಿತು ಎಲ್ಲ ಅದರಲ್ಲಿ ಬರೆದಿರುತ್ತದೆ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಅದು ರಶೀದಿ. ಅಂಚೆ ಇಲ್ಲದಿದ್ದರೆ ಈ ರಶೀದಿ ಮುಟ್ಟುವುದು ಹೇಗೆ? ಹಾಗಾಗಿ ತಮ್ಮ ಹವ್ಯಾಸದ ಚಿತ್ರ ಒಂದು ಅಂಚೆಚೀಟಿಯ ಮೇಲೆ ಬರಬೇಕು ಎಂಬ ಆಸೆ ಹ್ಯಾಮ್‌ಗಳಿಗೆ ಇದ್ದದ್ದು ಸಹಜವೇ.

ಆ ಆಸೆ ಅಮೆರಿಕದಲ್ಲಿ ಕೈಗೂಡಿದ್ದು 1964ರಲ್ಲಿ. ಅಲ್ಲಿನ ಹ್ಯಾಮ್‌ಗಳ ಸಂಘಟನೆ ಅಮೆರಿಕನ್ ರೇಡಿಯೊ ರಿಲೇ ಲೀಗ್ ಶುರುವಾದದ್ದು 1914ರಲ್ಲಿ. ಹಾರ್ಟ್‌ಫರ್ಡ್ ಎಂಬ ಊರಿನ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬವರಿಗೆ ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ಗೆ ಒಂದು ಸಂದೇಶ ಕಳಿಸಬೇಕಿತ್ತು, ತಮ್ಮ ಯಂತ್ರದಿಂದ ನೇರವಾಗಿ ಮುಟ್ಟಲಿಲ್ಲ. ನಡುವೆ ಇರುವ ಇನ್ನೊಬ್ಬ ಹವ್ಯಾಸಿಯ ಮೂಲಕ ದಾಟಿಸಿದರು. ಒಬ್ಬನಿಗೆ ಮುಟ್ಟದ್ದು ಇಬ್ಬರು ಸೇರಿದರೆ ಮುಟ್ಟುತ್ತದೆ ಎಂಬ ಆ ಅನುಭವದಿಂದಲೇ 'ರಿಲೇ' ಎಂಬ ಹೆಸರು ಬಂತು. ಊರಿಗೆ ಹೋಗುವವರ ಕೈಯಲ್ಲಿ ಕಾಗದ, ಮದ್ದು, ಸಾಮಾನು ಕೊಟ್ಟು ಕಳಿಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ 50 ವರ್ಷ ಅವರಿಗೆ ಸುಲಭದ್ದಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ 1917ರಿಂದ ಅವರ ಸ್ಟೇಷನ್‌ಗಳನ್ನು ಮುಚ್ಚಿಸಿದರು. ಎರಡನೇ ಮಹಾಯುದ್ಧದಲ್ಲೂ ಹಾಗೆಯೇ ಆಯಿತು. ಎರಡು ಸಲವೂ ಯುದ್ಧ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದರು. ನೆರೆ ಬಂದಾಗ, ಬಿರುಗಾಳಿಗೆ ಟೆಲಿಫೋನ್ ಕಂಬ ಬಿದ್ದಾಗ ಸಂದೇಶ ದಾಟಿಸಿದರು.

1964ಕ್ಕೆ ಲೀಗಿಗೆ 50 ತುಂಬಿತು. ಅದೇ ವರ್ಷ ಮಾರ್ಚ್ 27ರ ಸಂಜೆ ಅಲಾಸ್ಕದಲ್ಲಿ ಭೂಕಂಪ ಆಯಿತು. ತೀವ್ರತೆ 9.2. ಅಲ್ಲಿಯವರೆಗೆ ಅಳೆದ ಭೂಕಂಪಗಳಲ್ಲೇ ಅದು ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ನೆಲ ನಡುಗಿತು, ಸುನಾಮಿ ಎದ್ದಿತು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಂಕರೇಜ್ ನಗರದ ಟೆಲಿಫೋನ್ ಸಂಪರ್ಕ ಕಡಿದುಹೋಯಿತು. ಹೊರಗಿನವರಿಗೆ ತಮ್ಮವರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಆಗ "ಇಂಥವರು ಕ್ಷೇಮ" ಎಂಬ ಎರಡು ಮಾತನ್ನು ಸಾಗಿಸಿದವರಲ್ಲಿ ಅಲಾಸ್ಕದ ಹ್ಯಾಮ್‌ಗಳು ಮುಖ್ಯರು.

ಅದೇ ವರ್ಷ ಡಿಸೆಂಬರ್ 15ರಂದು ಅಮೆರಿಕದ ಅಂಚೆ ಇಲಾಖೆ ಹ್ಯಾಮ್ ರೇಡಿಯೊ ಹೆಸರಲ್ಲಿ 5 ಸೆಂಟಿನ ಅಂಚೆಚೀಟಿ ಹೊರಡಿಸಿತು. ಆ ಕಾಲಕ್ಕೆ ಒಂದು ಸಾಧಾರಣ ಪತ್ರಕ್ಕೆ ಹಚ್ಚಬೇಕಾಗಿದ್ದ ಚೀಟಿ ಅದೇ ಬೆಲೆಯದ್ದು. ಅಂದರೆ ಮನೆ ಮನೆಗೆ ಹೋಗುವಂಥದ್ದು. ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತುಂಟಾ? ರಾಜಧಾನಿಯಲ್ಲಿ ಅಲ್ಲ, ಲೀಗಿನ ಕಚೇರಿ ಇದ್ದ ಊರಲ್ಲೂ ಅಲ್ಲ. ಅದೇ ಆಂಕರೇಜ್‌ನಲ್ಲಿ. ನೇರಳೆ ಬಣ್ಣದ ಚೀಟಿ, ಅದರಲ್ಲಿ ರೇಡಿಯೊ ತರಂಗದ ಗೆರೆ ಮತ್ತು ಒಂದು ಡಯಲ್. ಯಾವ ಅಧ್ಯಕ್ಷರ ಮುಖವೂ ಇಲ್ಲ, ಸಂಘದ ಲಾಂಛನವೂ ಇಲ್ಲ. ಬರೆದದ್ದು ಹವ್ಯಾಸದ ಹೆಸರು ಮಾತ್ರ.

ನಮ್ಮ ಇವತ್ತಿನ ಮಾತಿಗೆ ಬೇಕಾದ ಪಾಠ ಇಲ್ಲೇ ಉಂಟು. "ನಮಗೆ 50 ವರ್ಷ ಆಯಿತು" ಎಂಬುದು ಕೇಳಲು ಒಂದು ಸಂದರ್ಭ ಮಾತ್ರ. ಅದು ಆ ಸಂಘದವರಿಗೆ ಸಂತೋಷದ ವಿಷಯ, ದೇಶಕ್ಕೆ ಅದರಿಂದ ಏನು? ಆಂಕರೇಜ್‌ನ ಕೆಲಸ ದೇಶಕ್ಕೆ ಸಂಬಂಧಪಟ್ಟದ್ದು. ಎರಡೂ ಒಟ್ಟಿಗೆ ಸೇರಿದಾಗ ಆ ಚೀಟಿಗೆ ಅರ್ಥ ಬಂತು.

ಅಂಚೆಚೀಟಿ ಕೇಳುವವರು ಕಡಿಮೆ ಜನ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1948ರಲ್ಲಿ ಕೋಳಿ ಸಾಕಣೆ ಉದ್ಯಮಕ್ಕೆ 100 ವರ್ಷ ಆಯಿತು ಅಂತ ಒಂದು ಹುಂಜದ ಚಿತ್ರದ ಚೀಟಿ ಬಂತು. ಜನ ನಕ್ಕರು. ಕೋಳಿಗೆ ಸಿಕ್ಕಿದರೆ ನಮಗೆ ಯಾಕಿಲ್ಲ ಅಂತ ಯಾರಿಗೂ ಅನಿಸುವುದೇ ತಾನೇ? 1957ರಲ್ಲಿ ಅಲ್ಲಿ ನಾಗರಿಕರ ಒಂದು ಸಲಹಾ ಸಮಿತಿ ಮಾಡಿದರು. ಈಗ ಆ ಸಮಿತಿಗೆ ವರ್ಷಕ್ಕೆ ಸಾವಿರ ಸಾವಿರ ಕೋರಿಕೆಗಳು ಬರುತ್ತವೆ, ಆರಿಸುವುದು ಕೆಲವೇ ಕೆಲವು. ಅಲ್ಲಿನ ನಿಯಮ ಏನಂದರೆ ಕನಿಷ್ಠ ಮೂರು ವರ್ಷ ಮೊದಲು ಕೇಳಬೇಕು. ಬದುಕಿರುವವರ ಹೆಸರಲ್ಲಿ ಚೀಟಿ ಇಲ್ಲ. ಸೇವಾಸಂಸ್ಥೆ, ಸಂಘ, ಪಂಗಡಗಳನ್ನು ಗೌರವಿಸಲು ಚೀಟಿ ಇಲ್ಲ. ಈ ಕೊನೆಯದನ್ನು ನಮ್ಮ ಯುವಕರು ಗಮನಿಸಬೇಕು. ಸಂಘದ ಹೆಸರಿಗೆ ಬಾಗಿಲು ಮುಚ್ಚಿದೆ. ಸಂಘ ಮಾಡುವ ಕೆಲಸಕ್ಕೆ, ವಿಷಯಕ್ಕೆ ಬಾಗಿಲು ತೆರೆದಿದೆ.

ಈಗ ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಸ್ಮರಣಾರ್ಥ ಅಂಚೆಚೀಟಿ ಹೊರಡಿಸುವುದು ಕೇಂದ್ರ ಅಂಚೆ ಇಲಾಖೆ. ಯಾರು ಬೇಕಾದರೂ ಪ್ರಸ್ತಾವ ಕಳಿಸಬಹುದು. ಅದನ್ನು ಪರಿಶೀಲಿಸುವುದಕ್ಕೆ ಒಂದು ಸಲಹಾ ಸಮಿತಿ ಉಂಟು. ಇಂಥ ಚೀಟಿಯನ್ನು ಒಂದೇ ಸಲ, ಇಷ್ಟು ಅಂತ ಲೆಕ್ಕ ಹಾಕಿ ಅಚ್ಚು ಹಾಕುತ್ತಾರೆ. ಇದು ಮೊದಲನೇ ದಾರಿ, ಉದ್ದದ ದಾರಿ.

ಎರಡನೆಯದು ವಿಶೇಷ ಲಕೋಟೆ. ಒಂದು ಸಂದರ್ಭಕ್ಕಾಗಿ ಚಿತ್ರ ಮತ್ತು ಬರಹ ಇರುವ ಲಕೋಟೆ, ಅದರ ಮೇಲೆ ಆ ದಿನಕ್ಕೆಂದೇ ಮಾಡಿದ ಮುದ್ರೆ. ಇದನ್ನು ರಾಜ್ಯದ ಅಂಚೆ ವೃತ್ತದ ಮಟ್ಟದಲ್ಲಿ ಮಾಡುತ್ತಾರೆ. ಖರ್ಚು ಕೇಳಿದವರದ್ದು.

ಮೂರನೆಯದು 'ಮೈ ಸ್ಟಾಂಪ್'. 2011ರಲ್ಲಿ ಶುರುವಾದ ಯೋಜನೆ. ಹಣ ಕಟ್ಟಿ ಫೋಟೊ ಕೊಟ್ಟರೆ ಇಲಾಖೆಯ ಚೀಟಿಯ ಪಕ್ಕದಲ್ಲಿ ಆ ಫೋಟೊ ಅಚ್ಚಾಗಿ ಬರುತ್ತದೆ. 12 ಚೀಟಿಗಳ ಒಂದು ಹಾಳೆಗೆ 300 ರೂಪಾಯಿ ದರ ಇಟ್ಟರು. ಚೀಟಿಯ ಮುಖಬೆಲೆ 5 ರೂಪಾಯಿ. 12 ಸಲ 5 ಅಂದರೆ 60. ಉಳಿದ 240 ರೂಪಾಯಿ ಫೋಟೊ ಹಾಕಿಸಿದ್ದಕ್ಕೆ. ನಾವು 100 ಹಾಳೆ ಮಾಡಿಸಿದರೆ 30,000 ರೂಪಾಯಿ. ಅದರಲ್ಲಿ ಅಂಚೆಗೆ ಉಪಯೋಗ ಆಗುವುದು 6,000ದ್ದು. ಮದುವೆಗೆ, ಮಗುವಿನ ಹುಟ್ಟುಹಬ್ಬಕ್ಕೆ ಮಾಡಿಸಿದರೆ ಚಂದವೇ. ಆದರೆ ಇದನ್ನು ತೋರಿಸಿ "ಸರಕಾರ ನಮ್ಮ ಸಂಘಕ್ಕೆ ಅಂಚೆಚೀಟಿ ಕೊಟ್ಟಿತು" ಅಂತ ಬ್ಯಾನರ್ ಹಾಕಿದರೆ ಅದು ಸುಳ್ಳಾಗುತ್ತದೆ. ನಾವೇ ಹಣ ಕೊಟ್ಟು ತಂದ ಸಾಮಾನನ್ನು ಬಹುಮಾನ ಸಿಕ್ಕಿತು ಅಂತ ಹೇಳಿದ ಹಾಗೆ.

ಹಾಗಾದರೆ ಮೊದಲನೇ ದಾರಿಯಲ್ಲಿ ಹೋಗಲು ನಮ್ಮ ಕೈಯಲ್ಲಿ ಏನುಂಟು? ಈ ಪ್ರಶ್ನೆಗೆ ಹ್ಯಾಮ್‌ಗಳಿಂದ ಇನ್ನೊಂದು ವಿಷಯ ಕಲಿಯಬೇಕು.

2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್, ಕಾಲ್ ಸೈನ್ ವಿಯು2ಆರ್‌ಬಿಐ, ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಆ ದ್ವೀಪದಿಂದ ಹ್ಯಾಮ್ ರೇಡಿಯೊ ನಡೆಸಲು ಅನುಮತಿ ಸಿಗುವುದೇ ಕಷ್ಟ. ಅವರು ವರ್ಷಗಟ್ಟಲೆ ಕೇಳಿ ಪಡೆದಿದ್ದರು. ಹೋದದ್ದು ಹವ್ಯಾಸಕ್ಕೆ, ಜಗತ್ತಿನ ಹ್ಯಾಮ್‌ಗಳ ಜೊತೆ ಆ ಅಪರೂಪದ ಜಾಗದಿಂದ ಮಾತಾಡುವುದಕ್ಕೆ. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂತು. ಫೋನ್ ಸತ್ತಿತು. ಆ ಹೊತ್ತಿಗೆ ಹವ್ಯಾಸದ ರೇಡಿಯೊ ದ್ವೀಪಕ್ಕೂ ಮುಖ್ಯಭೂಮಿಗೂ ಸಂಪರ್ಕದ ಕೊಂಡಿಯಾಯಿತು. ನಮ್ಮವರು ಹೇಗಿದ್ದಾರೆ ಅಂತ ಕೇಳುವ ಮನೆಯವರಿಗೆ ಉತ್ತರ ಹೋಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಕುವೈತಿನದ್ದು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಒಳಗೆ ನುಗ್ಗಿದಾಗ ಅಲ್ಲಿದ್ದ ನಮ್ಮವರ ಮನೆಗಳಲ್ಲಿ ಏನಾಯಿತು ಎಂಬುದು ಹಿರಿಯರಿಗೆ ನೆನಪಿರಬಹುದು. ಫೋನ್ ಇಲ್ಲ, ಕಾಗದ ಇಲ್ಲ. ಆಮೇಲೆ ಸುಮಾರು 1,70,000 ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನದಲ್ಲಿ ಊರಿಗೆ ತಂದರು. ಆ ಆಕ್ರಮಣದ ದಿನಗಳಲ್ಲಿ ಕುವೈತಿನ ಹ್ಯಾಮ್ ಅಬ್ದುಲ್ ಜಬ್ಬಾರ್ ಮಾರಫಿ, ಕಾಲ್ ಸೈನ್ 9ಕೆ2ಡಿಜೆಡ್, ಜೀವದ ಹಂಗು ತೊರೆದು ರೇಡಿಯೊ ಮೂಲಕ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು.

ಹ್ಯಾಮ್‌ಗಳು ಇಂಥ ಕೆಲಸಗಳನ್ನು ಎದೆ ತಟ್ಟಿ ಹೇಳಬಲ್ಲರು. ಯಾಕೆ? ಅವರಲ್ಲಿ ಲಾಗ್‌ಬುಕ್ ಇಡುವ ಅಭ್ಯಾಸ ಉಂಟು. ಯಾವ ದಿನ, ಎಷ್ಟು ಗಂಟೆಗೆ, ಯಾವ ಫ್ರೀಕ್ವೆನ್ಸಿಯಲ್ಲಿ, ಯಾವ ಕಾಲ್ ಸೈನ್ ಜೊತೆ ಮಾತಾಡಿದ್ದು, ಸಿಗ್ನಲ್ ಹೇಗಿತ್ತು ಎಲ್ಲ ಬರೆಯುತ್ತಾರೆ. ಮೇಲಿಂದ ಎದುರಿನವರ ಕಾರ್ಡ್ ಬೇರೆ ಉಂಟು. ಅಂದರೆ ಲೆಡ್ಜರ್ ಕೂಡ ಉಂಟು, ವೋಚರ್ ಕೂಡ ಉಂಟು. ಇಂಥವರು ಒಂದು ಇಲಾಖೆಯ ಮುಂದೆ ಹೋಗಿ "ನಾವು ಇಷ್ಟು ಸೇವೆ ಮಾಡಿದ್ದೇವೆ" ಅಂದರೆ ಅದಕ್ಕೆ ತೂಕ ಬರುತ್ತದೆ.

ನಮ್ಮದು ನೋಡಿ. ಇಷ್ಟು ವರ್ಷಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಟಿಕೆಟ್ ಮಾಡಿಕೊಟ್ಟದ್ದು, ಆಸ್ಪತ್ರೆಯಲ್ಲಿ ಭಾಷೆ ಬಾರದವರ ಪಕ್ಕ ರಾತ್ರಿ ಕೂತದ್ದು, ಇಲ್ಲಿ ತೀರಿಕೊಂಡವರ ಕಾಗದಪತ್ರ ಮಾಡಿಸಿ ಮಯ್ಯಿತ್ತು ಊರಿಗೆ ಮುಟ್ಟಿಸಿದ್ದು ಎಷ್ಟು ಸಲ? ಹಣ ಸಂಗ್ರಹದ ಲೆಕ್ಕ ನಮ್ಮ ಪುಸ್ತಕದಲ್ಲಿ ಪೈಸೆ ಪೈಸೆಗೂ ಉಂಟು. ಕೆಲಸದ ಲೆಕ್ಕ ಎಲ್ಲೂ ಇಲ್ಲ. ಅದು ಕೆಲವು ಹಿರಿಯರ ತಲೆಯಲ್ಲಿ ಉಂಟು. ಅವರಲ್ಲಿ ಹಲವರು ವೀಸಾ ಮುಗಿಸಿ ಊರಿಗೆ ಹೊರಟಿದ್ದಾರೆ, ಕೆಲವರು ನಮ್ಮನ್ನು ಅಗಲಿದ್ದಾರೆ. ಸೇವೆ ಮಾಡಿ ಹೇಳಿಕೊಳ್ಳಬಾರದು ಎಂಬ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಹೇಳಿಕೊಳ್ಳುವುದು ಬೇರೆ, ಬರೆದಿಡುವುದು ಬೇರೆ. ಮುಂದೆ ಬರುವ ಹುಡುಗನಿಗೆ ಮಯ್ಯಿತ್ತು ಕಳಿಸಲು ಯಾವ ಯಾವ ಕಚೇರಿಗೆ ಹೋಗಬೇಕು, ಎಷ್ಟು ದಿನ ಹಿಡಿಯಿತು ಎಂಬುದು ಬರೆದಿಟ್ಟರೆ ಗೊತ್ತಾಗುತ್ತದೆ.

ಆದ್ದರಿಂದ ನಮ್ಮ ಮೊದಲ ಸಲಹೆ: ಇವತ್ತಿನಿಂದ ಸಂಘ ಒಂದು ಲಾಗ್‌ಬುಕ್ ಇಡಲಿ. ಐದು ಕಾಲಂ ಸಾಕು. ತಾರೀಕು, ಯಾವ ಬಗೆಯ ಸಹಾಯ, ಯಾವ ಕಚೇರಿ ಅಥವಾ ಆಸ್ಪತ್ರೆ, ಎಷ್ಟು ದಿನ ಹಿಡಿಯಿತು, ಎಷ್ಟು ಮಂದಿ ಓಡಾಡಿದರು. ಸಹಾಯ ಪಡೆದವರ ಹೆಸರು ಬೇಡ. ಅವರ ಮಾನ ನಮ್ಮ ಮಾನ.

ಎರಡನೇ ಸಲಹೆ ಕಾಗದಗಳ ಬಗ್ಗೆ. ನಮ್ಮ ಹಿರಿಯರು ಗಲ್ಫಿಗೆ ಬಂದ ಕಾಲದಲ್ಲಿ ಮನೆಯ ಜೊತೆ ಇದ್ದ ಸಂಬಂಧ ಅಂದರೆ ಒಂದು ಏರ್‌ಮೇಲ್ ಕಾಗದ. ಕೆಂಪು ನೀಲಿ ಅಂಚಿನ ಲಕೋಟೆ, ಪೋಸ್ಟ್ ಬಾಕ್ಸ್ ನಂಬರ್. ಶುಕ್ರವಾರ ರಜೆಯಲ್ಲಿ ರೂಮಿನಲ್ಲಿ ಬರೆಯಲು ಬರುವ ಒಬ್ಬ ಇದ್ದರೆ ಅವನ ಸುತ್ತ ನಾಲ್ಕು ಮಂದಿ. ರಿಜಿಸ್ಟರ್ಡ್ ಲಕೋಟೆಯೊಳಗೆ ಡ್ರಾಫ್ಟ್. ಅತ್ತ ಊರಲ್ಲಿ ಓದಲು ಬಾರದ ಉಮ್ಮನಿಗೆ ಪಕ್ಕದ ಮನೆಯ ಶಾಲೆಯ ಹುಡುಗಿ ಓದಿ ಹೇಳಬೇಕು, ಉತ್ತರವೂ ಅವಳೇ ಬರೆಯಬೇಕು. ಆಮೇಲೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುವ ಕಾಲ ಬಂತು. ಎಷ್ಟೋ ಮಕ್ಕಳಿಗೆ ಬಾಪ ಅಂದರೆ ಮೊದಲು ಒಂದು ಅಕ್ಷರ, ಆಮೇಲೆ ಒಂದು ಧ್ವನಿ, ಕೊನೆಗೆ ಒಬ್ಬ ಮನುಷ್ಯ. ಅಲಾಸ್ಕದಲ್ಲಿ, ಅಂಡಮಾನಿನಲ್ಲಿ ಹ್ಯಾಮ್‌ಗಳು ಮುಟ್ಟಿಸಿದ "ನಾನು ಕ್ಷೇಮ" ಎಂಬ ಮಾತನ್ನೇ ಈ ಕಾಗದಗಳು ನಮ್ಮ ಮನೆಗಳಿಗೆ ವರ್ಷಗಟ್ಟಲೆ ಮುಟ್ಟಿಸಿದವು.

ಈಗ ಊರಲ್ಲಿ ಹಳೆ ಮನೆ ಕೆಡವಿ ಹೊಸತು ಕಟ್ಟುವಾಗ ಪೆಟ್ಟಿಗೆಯಲ್ಲಿದ್ದ ಆ ಕಾಗದಗಳು ಗುಜರಿಗೆ ಹೋಗುತ್ತಿವೆ. ದಯವಿಟ್ಟು ಮನೆಗೆ ಫೋನ್ ಮಾಡಿ, ತೆಗೆದಿಡಲು ಹೇಳಿ. ಅಂಚೆಚೀಟಿ ಸಂಗ್ರಹದ ಆಸೆಯಿಂದ ಮಕ್ಕಳು ಲಕೋಟೆಯಿಂದ ಚೀಟಿ ಕೀಳದಿರಲಿ. ಬಿಡಿ ಚೀಟಿಗಿಂತ ಮುದ್ರೆ ಬಿದ್ದ ಇಡೀ ಲಕೋಟೆಗೆ ಬೆಲೆ ಜಾಸ್ತಿ. ಯಾವ ಊರಿಂದ ಹೊರಟಿತು, ಯಾವ ದಿನ ಮುಟ್ಟಿತು ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ. ಒಳಗಿನ ಪತ್ರ ಖಾಸಗಿಯದ್ದಾದರೆ ಅದು ಮನೆಯಲ್ಲೇ ಇರಲಿ, ಲಕೋಟೆಯ ಫೋಟೊ ಮಾತ್ರ ಸಂಘಕ್ಕೆ ಕಳಿಸಿ.

ಮೂರನೆಯದು, ಯುವಕರ ಬೇಡಿಕೆಗೆ ನಮ್ಮ ಉತ್ತರ. ಅಂಚೆಚೀಟಿ ಕೇಳೋಣ, ಖಂಡಿತ ಕೇಳೋಣ. ಆದರೆ ಸಂಘದ ಹೆಸರಲ್ಲಿ ಬೇಡ. 'ಪರದೇಶದಿಂದ ಬಂದ ಕಾಗದ' ಎಂಬ ವಿಷಯಕ್ಕೆ ಕೇಳೋಣ. ಅದು ಬ್ಯಾರಿಗಳದ್ದು ಮಾತ್ರ ಅಲ್ಲ. ಕರಾವಳಿಯ ಎಲ್ಲ ಜಾತಿ ಧರ್ಮದ ಮನೆಗಳದ್ದು, ಮಲೆಯಾಳಿಗಳದ್ದು, ತೆಲುಗರದ್ದು, ದುಡಿಯಲು ಹೊರಟ ಪ್ರತಿಯೊಬ್ಬ ಭಾರತೀಯನದ್ದು. ಅವರನ್ನೂ ಸೇರಿಸಿಕೊಳ್ಳೋಣ. ಅಂಚೆ ಇಲಾಖೆಗೂ ಅದು ತನ್ನದೇ ಕೆಲಸದ ಕಥೆ. ಬೆಳ್ಳಿಹಬ್ಬಕ್ಕೆ ಆಗುತ್ತದಾ? ಬಹುಶಃ ಇಲ್ಲ. ಅವಸರದಲ್ಲಿ ಸಾವಿರ ಸಹಿ ಹಾಕಿಸಿ ಕಳಿಸುವುದಕ್ಕಿಂತ, ಎರಡು ವರ್ಷ ಕೂತು ನೂರು ಲಕೋಟೆಗಳ ಸಾಕ್ಷಿ ಜೋಡಿಸಿ ಕಳಿಸುವುದು ಲೇಸು. ಒಪ್ಪಿಗೆ ಸಿಗದಿದ್ದರೂ ನಷ್ಟ ಇಲ್ಲ. ಆ ನೂರು ಲಕೋಟೆಗಳು ನಮ್ಮ ಕೈಯಲ್ಲೇ ಇರುತ್ತವಲ್ಲ.

ಕೊನೆಗೆ ಒಂದು ಎಚ್ಚರಿಕೆ. ಈ ಮಾತು ಕೇಳಿ ಮಕ್ಕಳಿಗೆ ಹ್ಯಾಮ್ ಆಗುವ ಆಸೆ ಹುಟ್ಟಿದರೆ ಬಹಳ ಒಳ್ಳೆಯದು. ಭಾರತದಲ್ಲಿ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಹ್ಯಾಮ್ ಕ್ಲಬ್‌ಗಳು ಉಂಟು. ಆದರೆ ಇಲ್ಲಿನ ಅಂಗಡಿಯಲ್ಲಿ ಚಂದ ಕಂಡ ವಾಕಿಟಾಕಿಯನ್ನು ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತಬೇಡಿ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಬಳಸುವುದು ಇಲ್ಲಿಯೂ ಊರಲ್ಲಿಯೂ ಅಪರಾಧ.

ಲಾಗ್‌ಬುಕ್ಕಿಗೆ ಒಂದು ದಪ್ಪ ರಿಜಿಸ್ಟರ್ ತಂದಿದ್ದೇವೆ, ಮೇಜಿನ ಮೇಲೆ ಉಂಟು. ಊಟಕ್ಕೆ ಹೋಗುವ ಮೊದಲು ಹಿರಿಯರು ತಮಗೆ ನೆನಪಿರುವ ಒಂದೊಂದು ಕೆಲಸವನ್ನು ಹೇಳಲಿ, ಯುವಕರು ಬರೆಯಲಿ. ತಾರೀಕು ಸರಿಯಾಗಿ ನೆನಪಿಲ್ಲದಿದ್ದರೆ ವರ್ಷ ಸಾಕು. ಮುಂದಿನ ಸಭೆಗೆ ಬರುವಾಗ ಪ್ರತಿ ಮನೆಯಿಂದ ಒಂದಾದರೂ ಹಳೆಯ ಲಕೋಟೆಯ ಫೋಟೊ ತನ್ನಿ.